ಆನ್‌ಲೈನ್ ಕ್ಲಾಸಿನಲ್ಲಿ ಗೊರಕೆ

ಜೂನ್ 8, ಬೆಳಿಗ್ಗೆ
ಮತ್ತೆ ಅದೇ ಕಥೆ. ನಾನು ಮಲಗಿದರೆ ಮನಸ್ಸು ಎದ್ದು ಕೂರುತ್ತದೆ. ಜ್ವರ ಹೋಯಿತು, ಕೆಮ್ಮು ಹೋಯಿತು, ರಿಪೋರ್ಟ್ ನೆಗೆಟಿವ್ — ಹೋಗುವಾಗ ವೈರಸ್ ನನ್ನ ನಿದ್ದೆಯನ್ನೂ ಗಂಟು ಕಟ್ಟಿಕೊಂಡು ಹೋದಂತಿದೆ. ಎಷ್ಟೋ ಜನಕ್ಕೆ ಹೀಗಾಗುತ್ತಿದೆ, ನಿಧಾನವಾಗಿ ಸರಿಹೋಗುತ್ತದೆ ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದರು. ಅತ್ತೆ ಬಿಸಿ ಹಾಲು ಕೊಟ್ಟರು. ಹಾಲು ಹೊಟ್ಟೆಯಲ್ಲಿ ಹಾಯಾಗಿ ಮಲಗಿತು. ನಾನು ಮಲಗಲಿಲ್ಲ.

ಜೂನ್ 9
ಸೈಟಿನಿಂದ ಸೂಪರ್‌ವೈಸರ್ ಫೋನ್. ಕ್ರೇನ್ ಸುಮ್ಮನೆ ನಿಂತಿದೆ, ನಾಳೆ ಬರುತ್ತೀರಾ ಎಂದ. ಹೂಂ ಎನ್ನಲು ಬಾಯಿ ತೆರೆದೆ. ಆದರೆ ನಾನು ಮೇಲೆ ಕೂತು ಎತ್ತುವುದು ಕಬ್ಬಿಣದ ಕಂಬಿ. ಕೆಳಗೆ ಓಡಾಡುವುದು ಮನುಷ್ಯರು.
"ಸರಿಯಾಗಿ ನಿದ್ದೆ ಬರೋತನಕ ನಾನು ಹತ್ತಲ್ಲ," ಎಂದೆ.
ಇನ್ನು ಹತ್ತು ದಿನ ಕಾಯುತ್ತಾನಂತೆ, ಆಮೇಲೆ ಬೇರೆಯವರನ್ನು ನೋಡಬೇಕಂತೆ. ಅವನದೂ ತಪ್ಪಿಲ್ಲ...

ಜೂನ್ 12, ಸಂಜೆ
ನಗಬೇಕೋ ಅಳಬೇಕೋ. ಬೆಳಿಗ್ಗೆ ನಮ್ಮವರು ಹಾಲ್‌ನಲ್ಲಿ ಕೂತು ಒಂಬತ್ತನೇ ತರಗತಿಗೆ ಆನ್‌ಲೈನ್‌ನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಪಕ್ಕದ ಸೋಫಾದಲ್ಲಿ ಬಟಾಣಿ ಬಿಡಿಸುತ್ತಿದ್ದೆ. ಯಾವುದೋ ರಾಜ ಕೋಟೆಗೆ ಮುತ್ತಿಗೆ ಹಾಕಿದ್ದಷ್ಟೇ ನೆನಪು. ಕೋಟೆ ಬಿತ್ತೋ ಇಲ್ಲವೋ, ನಾನಂತೂ ಬಿದ್ದೆ. ಕಣ್ಣು ಬಿಟ್ಟಾಗ ಮಧ್ಯಾಹ್ನ. ನೆಲದ ತುಂಬ ಬಟಾಣಿ.
ಗೊರಕೆ ಇಡೀ ಕ್ಲಾಸಿಗೆ ಕೇಳಿಸಿತಂತೆ. ಸರ್, ನಿಮ್ಮನೆ ಮಿಕ್ಸಿ ರಿಪೇರಿಗೆ ಬಂದಿದೆಯಾ ಎಂದು ಒಬ್ಬಳು ವಿಚಾರಿಸಿದಳಂತೆ. ಅತ್ತೆಗೆ ನಗು ತಡೆಯಲಾಗಲಿಲ್ಲ. ನಮ್ಮವರ ಮುಖ ಮಾತ್ರ ಊದಿಕೊಂಡಿತ್ತು.
"ನಾನು ನಿದ್ದೆಗೆಟ್ಟು ತಯಾರಿ ಮಾಡಿದ ಪಾಠ ಅದು."

ಜೂನ್ 13
ನಿನ್ನೆ ಊಟಕ್ಕೆ ಕೂತಾಗಲೂ ಮುನಿಸು. ಆದರೆ ಮಲಗುವ ಹೊತ್ತಿಗೆ, ಕೇಳದೆಯೇ, ದಿಂಬಿಗೆ ಒರಗಿ ಗಂಟಲು ಸರಿಮಾಡಿಕೊಂಡರು. ಹಳೆಯ ಕಾಲದ ತೆರಿಗೆ ಪದ್ಧತಿ. ಎರಡನೆಯ ವಾಕ್ಯ ಕೇಳಿಸಿಕೊಂಡಿಲ್ಲ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು.

ಜೂನ್ 18
ತೆರಿಗೆ ಮುಗಿದು ರೈಲುಮಾರ್ಗ ಬಂದಿದೆ. ಒಂದು ಪಾಠವನ್ನೂ ಕೊನೆತನಕ ಕೇಳಿಲ್ಲ. ಈಗ ಅವರಿಗೆ ಬೇಜಾರಿಲ್ಲ — ಇವಳನ್ನು ಎಷ್ಟು ಬೇಗ ಕೆಡವಿದೆ ಎಂದು ಅತ್ತೆಯ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಾರೆ. ಸೂಪರ್‌ವೈಸರ್‌ಗೆ ಫೋನ್ ಮಾಡಿ ನಾಳೆ ಬರುತ್ತೇನೆಂದೆ.

ಜೂನ್ 19, ಕ್ರೇನಿನ ಕ್ಯಾಬಿನ್
ಹತ್ತಿದೆ! ಏಣಿಯಲ್ಲಿ ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡೆ, ನಿಜ. ಆದರೆ ತಲೆ ತಿಳಿಯಾಗಿದೆ. ಊರೆಲ್ಲ ಕಾಲಡಿಯಲ್ಲಿ. ರಸ್ತೆಗಳು ಖಾಲಿ, ಮಹಡಿಗಳ ಮೇಲೆ ಬಟ್ಟೆ ಒಣಗುತ್ತಿವೆ. ಯಾರೋ ಒಬ್ಬರು ಟೆರೇಸಿನಲ್ಲಿ ಒಂಟಿಯಾಗಿ ಕುಣಿಯುತ್ತಿದ್ದಾರೆ, ಯಾರೂ ನೋಡುತ್ತಿಲ್ಲ ಅಂದುಕೊಂಡು. ವಾಕಿಟಾಕಿ ಗೊರಗುಟ್ಟಿತು.
"ಅಕ್ಕಾ, ರೆಡೀನಾ?"
ರೆಡಿ. ಇರಪ್ಪ, ಆ ಕುಣಿತ ಒಂದು ಮುಗಿಯಲಿ.