ಗೋಡೆಯೊಳಗಿನ ಬಾಗಿಲು

ಮಾರ್ಚ್ 8, 2016. ಬೆಳಿಗ್ಗೆ 8
ಆಫೀಸ್ ಪಾರ್ಕಿಂಗಲ್ಲಿ ಕಾಫಿ. ಮಹಾಂತಪ್ಪ ಅಂಕಲ್ ಫೋನ್. "ನಿರುಪಮಾ, ಮ್ಯಾಲಿನ ಖೋಲಿ ಗ್ವಾಡಿ ಬಿರುಕ ಬಿಟ್ಟೈತಿ. ಬಂದು ನೋಡ್ತಿ ಏನವ್ವಾ?"

ಹ್ಯೂಸ್ಟನ್ ಹಳೇ ಊರಿನ ಸಾಲುಮನೆ. 1887ರದು. ಎರಡು ವರ್ಷದ ಹಿಂದೆ ಕೆಳಗಡೆ ಅಂಕಲ್, ನಿಂಗವ್ವ ಆಂಟಿ ಖಾನಾವಳಿ ತೆಗೆದರು. ಮೇಲೆ ಅವರದೇ ಸಂಸಾರ. ಕೆಳಗಿನ ಹಾಲ್ ದೊಡ್ಡದಾಗಲಿ ಅಂತ ಒಂದು ಗೋಡೆ ತೆಗೆಸಿ ಸ್ಟೀಲ್ ಬೀಮ್ ಹಾಕಿಸಿದ್ದು ನಾನು. ಡ್ರಾಯಿಂಗ್ ಮೇಲೆ ಇಂಜಿನಿಯರ್ ಸಹಿ ನನ್ನದೇ.

ಸಂಜೆಗೇ ಬರ್ತೀನಿ ಅಂದೆ.

ಅದೇ ದಿನ, ಸಂಜೆ
ಬಿರುಕು ಬಿಟ್ಟಿದ್ದು ಪಕ್ಕದ ಮನೆಗೂ ಇವರ ಮನೆಗೂ ನಡುವಿನ ಗೋಡೆ. ಬಿರುಕಲ್ಲಿ ಕಿರುಬೆರಳ ತುದಿ ಹೋಗುತ್ತೆ. ಕೆಳಗೆ ನಾನು ಹಾಕಿಸಿದ ಬೀಮ್ ಕುಸಿದು ಗೋಡೇನ ಎಳೀತಿದ್ದರೆ...

ಹೇಳಿಬಿಟ್ಟೆ. "ಅಂಕಲ್, ತಪ್ಪು ನನ್ನದೇ ಇರಬಹುದು. ಇವತ್ತೇ ಖಾಲಿ ಮಾಡಿ. ಊರಾಚೆ ಕೇಟಿಯಲ್ಲಿರೋ ನಮ್ಮನೆಗೆ ಬನ್ನಿ."

ಆಂಟಿ ಬಟ್ಟೆ ಗಂಟು ಕಟ್ಟುತ್ತಾ, "ಮುಚ್ಚಿಡಲಿಲ್ಲಲ್ಲ, ಅಷ್ಟ ಸಾಕು. ನಡೀ," ಅಂದರು.

ಮಾರ್ಚ್ 11
ಖಾನಾವಳಿಗೆ ಬೀಗ. ನನ್ನ ಮುಂದೆ ಇಬ್ಬರೂ ನಗ್ತಾರೆ. ಅದೇ ಕಷ್ಟ. ಕಾರಣ ತಿಳಿಯೋಕೆ ನಾಳೆ ಬಿರುಕಿನ ಸುತ್ತ ಗಾರೆ ಒಡೆಸ್ತೀನಿ.

ಮಾರ್ಚ್ 12. ಮಧ್ಯಾಹ್ನ
ಗಾರೆ ಬಿತ್ತು. ಒಳಗೆ — ಬಾಗಿಲು! ಹಳೇ ಚೌಕಟ್ಟು, ಒಳಗೆ ಬೇರೆ ಬಣ್ಣದ ಇಟ್ಟಿಗೆ ತುಂಬಿ ಮುಚ್ಚಿದ್ದಾರೆ. ಮೇಲಿನ ಮರದ ತೊಲೆ ಗೆದ್ದಲು ತಿಂದು ಪೊಳ್ಳು. ಬಿರುಕು ಅದರ ಗುಂಟವೇ ಓಡಿದೆ.

ಕೆಳಗಿಳಿದು ಬೀಮ್ ಮೂರು ಸಲ ಅಳೆದೆ. ಹಾಕಿದಲ್ಲೇ ಇದೆ. ಕೂದಲೆಳೆಯಷ್ಟೂ ಇಳಿದಿಲ್ಲ.

ತಪ್ಪು ನನ್ನದಲ್ಲ. ಧೂಳಲ್ಲೇ ಕೂತು ಅತ್ತುಬಿಟ್ಟೆ. ಅಂಕಲ್ ನನ್ನ ತಲೆ ಸವರಿದರು.

ಸದ್ದಿಗೆ ಪಕ್ಕದ ಮನೆ ಮಿಸೆಸ್ ಹಾಲೊವೇ ಬಂದರು. ವಯಸ್ಸು ಎಂಬತ್ತೆಂಟು. ಚೌಕಟ್ಟು ಸವರುತ್ತಾ ನಿಂತರು. ಅವರ ಅಜ್ಜಿ ಕಾಲದಲ್ಲಿ ಎರಡೂ ಮನೆ ಸೇರಿ ಊಟ-ವಸತಿಯ ಒಂದೇ ಬೋರ್ಡಿಂಗ್ ಹೌಸಂತೆ. ರೈಲ್ವೆ ಕೆಲಸದವರಿಗೆ ಅಜ್ಜಿಯದೇ ಅಡುಗೆ. ಒಂದು ಮನೆ ಮಾರಿದಾಗ ಬಾಗಿಲು ಮುಚ್ಚಿದ್ದು.

ಆಂಟಿಗೆ ಕನ್ನಡದಲ್ಲಿ ಹೇಳಿದೆ. ಕಣ್ಣರಳಿಸಿ, "ಅಂದ್ರ ಮೊದಲಿಂದಲೂ ಇದು ಖಾನಾವಳೀನ!"

ಮಾರ್ಚ್ 26. ಮಧ್ಯಾಹ್ನ 1
ಪೊಳ್ಳು ತೊಲೆ ಜಾಗದಲ್ಲಿ ಹೊಸ ಸ್ಟೀಲ್ ಲಿಂಟೆಲ್ ಕೂತಿದೆ. ಸಿಟಿ ಇನ್‌ಸ್ಪೆಕ್ಟರ್ ನೋಡಿ ಪಾಸ್ ಮಾಡಿದರು. ಅಂಕಲ್-ಆಂಟಿ ವಾಪಸ್. ಖಾನಾವಳಿ ಶುರು, ಟೇಬಲ್ ಎಲ್ಲಾ ಫುಲ್.

ಆ ಬಾಗಿಲು ತೆಗೆಸೋಣ ಅಂತ ಆಂಟಿ ಹಠ. "ಆಗಲ್ಲ ಆಂಟಿ, ಬೆಂಕಿ ಹರಡಬಾರದು ಅಂತ ಫೈರ್ ಕೋಡ್ ಒಪ್ಪಲ್ಲ" ಅಂದೆ. ತಟ್ಟೆ ತುಂಬ ಜೋಳದ ರೊಟ್ಟಿ, ಎಣ್ಣೆಗಾಯಿ ಹಿಡಿದು ಆಂಟಿ ರಸ್ತೆ ಕಡೆಯಿಂದ್ಲೇ ಪಕ್ಕದ ಮನೆಗೆ ಹೋದರು. ಹಾಲೊವೇ ಅವರನ್ನ ಕೈ ಹಿಡ್ಕೊಂಡು ಕರ್ಕೊಂಡೇ ಬಂದಿದ್ದಾರೆ. ಈಗ ಹಾಲೊವೇ ನನ್ನ ಎದುರಿಗೇ ಕೂತಿದ್ದಾರೆ. ಖಾರಕ್ಕೆ ಕಣ್ಣಲ್ಲಿ ನೀರು, ಇನ್ನೊಂದು ರೊಟ್ಟಿಗೆ ಕೈ —

ಆಂಟಿ ಕೂಗು: "ಬರೆಯೂದು ಬಿಡವ್ವಾ, ಆಕೀಗೆ ಮಸರ ಕೊಡು!"

ಸರಿ, ಮೊಸರು —