ಅಣ್ಣನ ಗಾಡಿಯ ಕೊನೆಯ ಹತ್ತು ಸೆಕೆಂಡು

ವೈನಿ,

ಹಾಲು ಕಾಯಿಸಿಟ್ಟಿದ್ದೇನೆ. ನನಗೆ ಫೋನ್ ಮಾಡುವ ಮೊದಲು ಇದನ್ನು ಪೂರ್ತಿ ಓದಿ.

ನಿನ್ನೆ ದಹಿಸರ್‌ನ ಗ್ಯಾರೇಜಿಗೆ ಹೋಗಿ, ಅಣ್ಣನ ನಜ್ಜುಗುಜ್ಜಾದ ಕಾರಿನಿಂದ ಎಂಜಿನ್ ಕಂಪ್ಯೂಟರ್ ಬಿಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅಪಘಾತವಾದ ಮೇಲೆ ಎಂಟು ತಿಂಗಳು ಅದನ್ನು ಮುಟ್ಟಲು ಧೈರ್ಯವಿರಲಿಲ್ಲ. ಕಾರಿನ ಜೊತೆ ಬಂದದ್ದನ್ನು ತೆಗೆದು, ಇದನ್ನು ಕೂರಿಸಿ ಟ್ಯೂನ್ ಮಾಡಿದವನು ನಾನೇ ಅಲ್ಲವೇ. ಕೊನೆಯ ಹತ್ತು ಸೆಕೆಂಡೂ ಅದರಲ್ಲಿ ದಾಖಲಾಗಿದೆ. ಅಣ್ಣ ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕ್ ಒತ್ತಿದ್ದಾನೆ. ಆದರೂ ಎಂಜಿನ್ ಎಳೆಯುತ್ತಲೇ ಹೋಗಿದೆ. ಅಂಥ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸುವ ಸುರಕ್ಷತೆಯನ್ನು, ರೇಸಿಗೆ ಅಡ್ಡ ಬರುತ್ತದೆಂದು ನಾನೇ ಆಫ್ ಮಾಡಿದ್ದೆ.

ಅಪಘಾತದ ಹಿಂದಿನ ದಿನ ಅವನು ಹೇಳಿದ್ದ, "ಗಾಡಿ ಒಮ್ಮೊಮ್ಮೆ ತಾನಾ ಎಳಿತೈತಿ, ಒಂದೀಟ ನೋಡಪಾ."

"ಹೊಸಾದೈತಿ, ರೂಢಿ ಆಗ್ತೈತಿ ಬಿಡು" ಎಂದಿದ್ದೆ.

ಅವನ ಆ "ಒಂದೀಟ ನೋಡಪಾ" ಲೋಕಲ್ ರೈಲಿನ ಗದ್ದಲದಲ್ಲೂ ಕಿವಿ ಬಿಡುವುದಿಲ್ಲ.

ವೇಗದ ಹುಚ್ಚಿಗೆ ಪ್ರಾಣ ಕೊಟ್ಟನೆಂಬ ಸಿಟ್ಟಿನಲ್ಲಿ ನೀವು ಅವನ ಫೋಟೋಗೆ ಇನ್ನೂ ಹಾರ ಹಾಕಿಲ್ಲ. ಇವತ್ತು ಹಾಕಿ. ಆ ಸಿಟ್ಟು ನನಗೆ ಸಲ್ಲಬೇಕಾದದ್ದು.

ಲ್ಯಾಪ್‌ಟಾಪ್ ತೆಗೆದುಕೊಂಡು ಪೊಲೀಸ್ ಠಾಣೆಗೆ ಹೊರಟಿದ್ದೇನೆ. ಊಟಕ್ಕೆ ಕಾಯಬೇಡಿ.

ನಿಮ್ಮ ಮೈದುನ ಪ್ರಭು