ಐವತ್ತೊಂದನೆಯ ಟಿಪ್ಪಣಿ

ಉಚಿತ ಬಳಕೆದಾರರ ಮಿತಿಯನ್ನು ನಿಗದಿಪಡಿಸುವ ಮಾನ್ಯ ಅಧಿಕಾರಿಗಳೇ,

ಒಬ್ಬ ಮನುಷ್ಯನಿಗೆ ಐವತ್ತು ಮಾತು ಸಾಕು ಎಂದು ತಾವು ತೀರ್ಮಾನಿಸಿದ ಆ ಸಭೆಯಲ್ಲಿ ಎಷ್ಟು ಜನ ಕೂತಿದ್ದಿರಿ, ಎಷ್ಟು ಹೊತ್ತು ಮಾತಾಡಿದಿರಿ ಎಂದು ತಿಳಿಯುವ ಕುತೂಹಲ ನನಗಿದೆ. ಟಿಪ್ಪಣಿ ಬರೆದಿಡುವ ನಿಮ್ಮ ಆ್ಯಪ್‌ನಲ್ಲಿ ಹಣ ಕಟ್ಟದವರು ಇನ್ನು ಐವತ್ತು ಟಿಪ್ಪಣಿಗಳನ್ನಷ್ಟೇ ಇಟ್ಟುಕೊಳ್ಳಬಹುದು, ಮೂವತ್ತು ದಿನಗಳ ನಂತರ ಮಿಕ್ಕವಕ್ಕೆ ಬೀಗ ಬೀಳುತ್ತದೆ ಎಂಬ ಪ್ರಕಟಣೆ ನನಗೂ ತಲುಪಿತು. ಅದರ ಶೀರ್ಷಿಕೆ ‘ನಿಮಗೊಂದು ಸಿಹಿಸುದ್ದಿ’ ಎಂದಿತ್ತು. ಸಿಹಿ ಎಲ್ಲಿದೆ ಎಂದು ಹುಡುಕುತ್ತ ಕೊನೆಯ ಸಾಲಿನವರೆಗೂ ಓದಿದೆ. ಆ ಹೊತ್ತಿಗೆ ನನ್ನ ಬಳಿ ಇದ್ದದ್ದು ಮುನ್ನೂರ ಹನ್ನೆರಡು ಟಿಪ್ಪಣಿಗಳು.

‘ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎನ್ನುವ ಜಾತಿಯವನು ಇವನು ಎಂದು ತಾವು ಅಂದುಕೊಳ್ಳುವ ಮೊದಲೇ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಕ್ಷೌರಿಕ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೂ ನನ್ನ ಅಣ್ಣನದೂ ಸೇರಿ ಎರಡು ಕುರ್ಚಿಗಳ ಅಂಗಡಿ. ನಾಲ್ಕು ವರ್ಷಗಳ ಹಿಂದೆ ನನ್ನ ಗಂಟಲಲ್ಲಿ ಗಡ್ಡೆಯಾಗಿ, ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ದನಿ ಹೋಯಿತು. ಕ್ಷೌರಿಕನಿಗೆ ಬಾಯಿ ಹೋಗುವುದೆಂದರೆ ಅರ್ಧ ಕಸುಬು ಹೋದಂತೆ. ಮೊದಮೊದಲು ಸ್ಲೇಟು ಹಿಡಿದೆ, ಒದ್ದೆ ಕೈಗೆ ಬಳಪ ಕರಗಿತು. ಪುಸ್ತಕ ಹಿಡಿದೆ, ನೊರೆ ಮೆತ್ತಿ ಹಾಳೆಗಳು ಅಂಟಿಕೊಂಡವು. ಕೊನೆಗೆ ಸಿಕ್ಕಿದ್ದು ನಿಮ್ಮ ಆ್ಯಪ್. ‘ತಲೆ ಸ್ವಲ್ಪ ಬಗ್ಗಿಸಿ’ ಒಂದು ಟಿಪ್ಪಣಿ. ‘ಸೈಡ್ ಎಷ್ಟು ಕಮ್ಮಿ ಮಾಡಲಿ?’ ಇನ್ನೊಂದು. ‘ಮಗಳ ಪರೀಕ್ಷೆ ಹೇಗಾಯ್ತು?’ ಮತ್ತೊಂದು. ಬೆರಳಿನ ಗೆಣ್ಣಿನಿಂದ ಒತ್ತಿದರೆ ಒಂದೇ ಒಂದು ಮಾತು, ದೊಡ್ಡ ಅಕ್ಷರದಲ್ಲಿ, ಪರದೆಯ ತುಂಬ. ಗಿರಾಕಿ ಕನ್ನಡಕ ತೆಗೆದಿಟ್ಟಿದ್ದರೂ ಓದಬಹುದು. ತಾವು ಅದನ್ನು ಟಿಪ್ಪಣಿ ಎನ್ನುತ್ತೀರಿ, ನಾನು ಬಾಯಿ ಎನ್ನುತ್ತೇನೆ.

ಇಷ್ಟಾದರೂ ಅಣ್ಣನಿಲ್ಲದಿದ್ದರೆ ನಾನು ಆ ಅಂಗಡಿಗೆ ಮರಳುತ್ತಿರಲಿಲ್ಲ. ನಾನು ಕನ್ನಡಿಯಲ್ಲಿ ಒಂದು ನೋಟ ನೋಡಿದರೆ ಸಾಕು, ಪಕ್ಕದ ಕುರ್ಚಿಯಿಂದ ಅವನು ಹೇಳಿಬಿಡುತ್ತಿದ್ದ: “ಮೀಸೆ ಟ್ರಿಮ್ ಮಾಡ್ಲಾ ಅಂತ ಕೇಳ್ತಿದ್ದಾನೆ ಸಾರ್, ಹೂಂ ಅನ್ನಿ, ನಿಮಗೊಪ್ಪತ್ತೆ.” ನಾನು ಕೇಳದೇ ಇದ್ದದ್ದನ್ನೂ ಕೇಳುತ್ತಿದ್ದ. ನಾನು ಹೇಳದ ಜೋಕು ಹೇಳಿ, “ಇದು ಅವನದ್ದು, ನಂದಲ್ಲ” ಎಂದು ನನ್ನ ತಲೆಗೆ ಕಟ್ಟುತ್ತಿದ್ದ. ಮೊದಲೇ ಮಾತಿನ ಮಲ್ಲ, ಇಬ್ಬರ ಪಾಲಿನದೂ ಸಿಕ್ಕ ಮೇಲೆ ಕೇಳಬೇಕೇ?

ಕಳೆದ ವರ್ಷದಿಂದ ಅಣ್ಣನ ಕೈ ನಡುಗತೊಡಗಿತು. ಕತ್ತರಿ ಹಿಡಿದಾಗ ಅಷ್ಟು ಕಾಣದು, ಬಾಚಣಿಗೆಯ ಆಸರೆ ಇರುತ್ತದೆ. ರೇಜರ್ ಹಿಡಿದಾಗ ಕಾಣುತ್ತದೆ. ಒಂದು ದಿನ ಒಬ್ಬರ ಕಿವಿಯ ಕೆಳಗೆ ರಕ್ತ ಬಂತು. ಅಣ್ಣ, “ಬ್ಲೇಡ್ ಸರಿ ಇಲ್ಲ” ಎಂದ. ಬ್ಲೇಡು ಆಗಷ್ಟೇ ಹಾಕಿದ ಹೊಸದು. ಅವತ್ತಿನಿಂದ ನಾನು ಗಡ್ಡಕ್ಕೆ ಬರುವವರಿಗೆ ಬಾಗಿಲಲ್ಲೇ, ಅಣ್ಣನ ಕಣ್ಣು ತಪ್ಪಿಸಿ, ಒಂದು ಟಿಪ್ಪಣಿ ತೋರಿಸತೊಡಗಿದೆ: ‘ಶೇವಿಂಗ್ ನನ್ನ ಕುರ್ಚಿಯಲ್ಲಿ. ಅಣ್ಣನದು ಕಟಿಂಗ್ ಮಾತ್ರ.’ ಅವನು ನನ್ನ ಬಾಯಿ, ನಾನು ಅವನ ಕೈ, ಹೀಗೆ ಸಂಸಾರ ಸಾಗುತ್ತಿತ್ತು. ವ್ಯತ್ಯಾಸವೆಂದರೆ ಅದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಆಗ ತಮ್ಮ ಸಿಹಿಸುದ್ದಿ ಬಂತು. ಹಣ ಕಟ್ಟಿಬಿಡೋಣವೆಂದರೆ ನೀವು ಕೇಳುವ ಬಗೆಯ ಕಾರ್ಡನ್ನು ನನ್ನಂಥವನಿಗೆ ಯಾವ ಬ್ಯಾಂಕೂ ಕೊಡುವುದಿಲ್ಲ. ಬೇರೆ ಆ್ಯಪ್‌ಗೆ ಹೋಗೋಣವೆಂದರೆ ಎಲ್ಲ ಟಿಪ್ಪಣಿಗಳನ್ನು ಒಟ್ಟಿಗೆ ಹೊರತೆಗೆಯುವ ಸೌಲಭ್ಯವೂ ಹಣ ಕಟ್ಟಿದವರಿಗೇ ಮೀಸಲು. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಎಂದು ನಮ್ಮಲ್ಲಿ ಇದಕ್ಕೇ ಹೇಳುವುದು. ನಿಮ್ಮ ಸಹಾಯ ಕೇಂದ್ರಕ್ಕೆ ಬರೆದೆ. ಅರೆನಿಮಿಷದಲ್ಲಿ ಉತ್ತರ ಬಂತು: ‘ಹಲವು ಟಿಪ್ಪಣಿಗಳನ್ನು ಒಂದರಲ್ಲಿ ಸೇರಿಸಿಕೊಳ್ಳಿ. ನಿಮ್ಮ ದಿನ ಶುಭವಾಗಿರಲಿ.’ ಇಷ್ಟು ಬೇಗ ಹೊಳೆಯುವ ಉಪಾಯ ಬಹಳ ಯೋಚಿಸಿದವರದಾಗಿರಲಾರದು.

ಆದರೂ ಹೇಳಿದಂತೆ ಕೇಳಿದೆ. ರಜೆಯ ದಿನ ಕೂತು, ಒಂದೊಂದು ಪದ ಹುಡುಕಿ, ಆ ಪದವಿದ್ದ ಟಿಪ್ಪಣಿಗಳನ್ನೆಲ್ಲ ಒಂದೊಂದು ಕಟ್ಟು ಮಾಡಿದೆ. ಸಂಜೆಗೆ ಸರಿಯಾಗಿ ಐವತ್ತಾದವು. ಬಾಗಿಲಲ್ಲಿ ದಿನವೂ ಬೇಕಾಗುವ ಶೇವಿಂಗಿನದೊಂದನ್ನು ಮಾತ್ರ ಬಿಡಿಯಾಗಿಯೇ ಉಳಿಸಿಕೊಂಡೆ. ಮರುದಿನವೇ ಮೊದಲ ಪೆಟ್ಟು. ಹತ್ತಿರದ ವಕೀಲರಿಗೆ ‘ತಲೆ ಬಗ್ಗಿಸಿ’ ತೋರಿಸಹೋದರೆ ಅವರು ತಲೆ ಬಗ್ಗಿಸದೆ ಮುಂದಿನ ಸಾಲನ್ನೂ ಓದಿದರು: ‘ತಲೆ ಬೋಳಾಗುತ್ತಿರುವವರಿಗೆ: ಏನೂ ಕಮ್ಮಿಯಾಗಿಲ್ಲ ಸಾರ್, ಹೋದ ತಿಂಗಳಷ್ಟೇ ಇದೆ.’ ಎರಡು ವರ್ಷದಿಂದ ಪ್ರತಿ ತಿಂಗಳೂ ಈ ಮಾತು ಓದಿ ಖುಷಿಪಟ್ಟು ಹೋಗುತ್ತಿದ್ದವರು. ನನ್ನ ಗುರುತಿಗೆಂದು ಇಟ್ಟ ಶೀರ್ಷಿಕೆ ಮೊದಲು ಪರದೆಯಲ್ಲಿ ಕಾಣುತ್ತಿರಲಿಲ್ಲ, ಕಟ್ಟಿನಲ್ಲಿ ಅದೂ ಸೇರಿಕೊಂಡಿತ್ತು. “ಅಂದ್ರೆ ಇದು ಎಲ್ರಿಗೂ ಹೇಳೋದಾ?” ಎಂದರು. ಅಣ್ಣ ಪಕ್ಕದಿಂದ, “ಇಲ್ಲ ಸಾರ್, ನಿಮ್ಮಂಥ ದೊಡ್ಡೋರಿಗೆ ಮಾತ್ರ” ಎಂದು ನನ್ನ ಮಾನ ಉಳಿಸಿದ. ಅವನು ನನ್ನ ಪರವಾಗಿ ಆಡಿದ ಕೊನೆಯ ಮಾತು ಅದೇ.

ಏಕೆಂದರೆ ‘ಅಣ್ಣ’ ಎಂಬ ಪದವನ್ನೂ ನಾನು ಹುಡುಕಿದ್ದೆ. ನಲವತ್ತೊಂದು ಸಿಕ್ಕಿದ್ದವು. ಕೈ ಸೋತಿತ್ತು, ಓದದೆ ಕಟ್ಟಿಬಿಟ್ಟಿದ್ದೆ. ಗುರುವಾರ ಬೆಳಿಗ್ಗೆ ಅವನಿಗೆ ‘ಅಣ್ಣಾ, ಟವೆಲ್ ಮುಗೀತು’ ತೋರಿಸಲು ಫೋನನ್ನು ಕೈಗೆ ಕೊಟ್ಟೆ. ಅವನು ಹಿಡಿದ. ಹಿಡಿದ ಕೈಯ ಹೆಬ್ಬೆರಳು ನಡುಗಿತು. ಪರದೆ ತಾನಾಗಿ ಕೆಳಗೆ ಕೆಳಗೆ ಜಾರಿ, ಇಲ್ಲಿಗೆ ಬಂದು ನಿಂತಿತು: ‘ಅಣ್ಣನ ಕೈ ನಡುಗ್ತಿದೆ. ನಿನ್ನೆ ಗಿರಾಕಿಗೆ ಗಾಯ ಆಯ್ತು. ಇನ್ಮೇಲೆ ಶೇವಿಂಗ್ ಎಲ್ಲಾ ನನ್ನ ಕಡೆಗೇ ತಿರುಗಿಸ್ತೀನಿ. ಅವನಿಗೆ ಗೊತ್ತಾಗಬಾರದು.’ ವರ್ಷದ ಹಿಂದೆ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಹೇಳಿದ ಮಾತದು. ಅವಳು ಆಗ, “ಪಾಪ, ಭಾವನಿಗೆ ಹೇಳ್ಬೇಡಿ, ನೊಂದ್ಕೋತಾರೆ” ಎಂದಿದ್ದಳು. ಅವಳ ಮಾತು ಗಾಳಿಯಲ್ಲಿ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬಾಯಿಲ್ಲದವನ ಮಾತು ಆಡಿದರೂ ಹೋಗುವುದಿಲ್ಲ ಮಾನ್ಯರೇ, ಕೂತಿರುತ್ತದೆ. ಅದಕ್ಕೇ ನನಗೆ ಒಂದೊಂದು ಮಾತಿಗೆ ಒಂದೊಂದು ಕೋಣೆ ಬೇಕಿತ್ತು. ಹೆಂಡತಿಗೆ ಹೇಳಿದ್ದು ಅಣ್ಣನಿಗೆ ಕೇಳದಂತೆ ದನಿ ತಗ್ಗಿಸುವ ಸೌಕರ್ಯ ತಮಗೆಲ್ಲ ಹುಟ್ಟಿನಿಂದ ಇದೆ. ಅದಕ್ಕೆ ಯಾರಾದರೂ ಮಿತಿ ಹಾಕಿದ್ದಾರೆಯೇ?

ಅಣ್ಣ ಅದನ್ನು ಕೊನೆಯವರೆಗೂ ಓದಿದ. ಫೋನನ್ನು ಕನ್ನಡಿಯ ಕೆಳಗಿಟ್ಟು ಟವೆಲ್ ತರಲು ಹೋದ. ಮಧ್ಯಾಹ್ನ ಮೂರರ ಸುಮಾರಿಗೆ ಅಂಗಡಿ ಖಾಲಿಯಾಗಿತ್ತು. ಆಗ ಅವನು ತಾನಾಗಿ ನನ್ನ ಫೋನ್ ತೆಗೆದುಕೊಂಡ. “ನಂಗೆ ಬಾಯಿದೆ ಕಣೋ, ನಾನ್ಯಾಕೆ ಒತ್ತುತ್ತಾ ಕೂರ್ಲಿ” ಎನ್ನುತ್ತಿದ್ದವನು ಹೊಸ ಟಿಪ್ಪಣಿ ತೆರೆದು, ತನ್ನ ಕುರ್ಚಿಯಲ್ಲಿ ಕೂತು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಒಂದೊಂದೇ ಅಕ್ಷರ ಒತ್ತತೊಡಗಿದ. ನಾನು ಗಡಿಯಾರ ನೋಡಿದೆ, ಇಪ್ಪತ್ತು ನಿಮಿಷ. ಹತ್ತಿರ ಹೋಗಲಿಲ್ಲ. ಹೋಗಬೇಕಿತ್ತು.

“ಇದೇನೋ ಕೇಳ್ತಿದೆ, ನೋಡು” ಎಂದ. ನಾನು ಎದ್ದು ಹೋಗುವಷ್ಟರಲ್ಲಿ ಪರದೆಯ ಮೇಲೆ ತಮ್ಮ ಸಂದೇಶವಿತ್ತು: ಉಚಿತ ಮಿತಿ ಮುಗಿದಿದೆ, ಹಣ ಪಾವತಿಸಿ ಅಥವಾ ಅಳಿಸಿ. ಇಪ್ಪತ್ತು ನಿಮಿಷ ಬರೆಯುವವರೆಗೂ ಸುಮ್ಮನಿದ್ದು, ಉಳಿಸುವಾಗ ಕೈ ಅಡ್ಡ ಹಿಡಿಯುವ ಈ ಕ್ರಮವನ್ನು ಯಾವ ಮಹಾನುಭಾವರು ಕಂಡುಹಿಡಿದರು? ಎರಡೂ ಗುಂಡಿಗಳು ಒತ್ತೊತ್ತಾಗಿದ್ದವು. ಅಣ್ಣನ ಬೆರಳು ನಡುಗಿತು. ಬರೆದದ್ದು ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಏನು ಬರೆದಿದ್ದೆ ಎಂದು ಸನ್ನೆ ಮಾಡಿದೆ, ಕೈ ಹಿಡಿದು ಕೇಳಿದೆ. “ಬಿಡು” ಎಂದ. “ಬಾಯಲ್ಲಿ ಹೇಳೋ ಹಾಗಿದ್ರೆ ಬರೀತಾನೇ ಇರ್ಲಿಲ್ಲ.”

ಮರುದಿನ ಬೆಳಿಗ್ಗೆ ಒಬ್ಬರು ಬಂದು ಅಣ್ಣನ ಕುರ್ಚಿಯಲ್ಲಿ ಕೂತು ಗಡ್ಡ ಸವರಿಕೊಂಡರು. ನಾನು ಫೋನ್ ತೆಗೆಯುವ ಮೊದಲೇ ಅಣ್ಣ ಎಂದಿನ ದನಿಯಲ್ಲಿ ಹೇಳಿದ: “ಶೇವಿಂಗ್ ತಮ್ಮನ ಕುರ್ಚೀಲಿ ಸಾರ್. ನಂದು ಕಟಿಂಗ್ ಮಾತ್ರ.” ಗಿರಾಕಿ ಎದ್ದು ಬಂದರು. ನಾನು ಹೊಸ ಬ್ಲೇಡು ಹಾಕಿದೆ. ಆಮೇಲಿಂದ ಅಂಗಡಿಯಲ್ಲಿ ಅವನು ಆಡುವುದು ಅದೊಂದೇ ಮಾತು. ನಾನು ಕನ್ನಡಿಯಲ್ಲಿ ನೋಡಿದರೆ ಅವನು ಕತ್ತರಿ ನೋಡುತ್ತಾನೆ. ನನ್ನ ದನಿ ಎರಡನೇ ಸಲ ಹೋಗಿದೆ, ಈ ಸಲ ಯಾವ ವೈದ್ಯರೂ ಮೊದಲೇ ತಿಳಿಸಿರಲಿಲ್ಲ.

ತಪ್ಪೆಲ್ಲ ನಿಮ್ಮದೇ ಎಂದು ನಾನು ಹೇಳುತ್ತಿಲ್ಲ. ಅಣ್ಣನಿಗೆ ಎದುರೆದುರೇ ಹೇಳಬೇಕಿದ್ದದ್ದನ್ನು ನಾನು ಒಂದು ವರ್ಷ ಬಚ್ಚಿಟ್ಟೆ. ಅದು ನನ್ನ ಹೇಡಿತನ, ಅದಕ್ಕೆ ಯಾವ ಆ್ಯಪೂ ಕಾರಣವಲ್ಲ. ಆದರೆ ಅವನು ಕೊಟ್ಟ ಉತ್ತರವನ್ನು ನುಂಗಿದ್ದು ನೀವು.

ಆದ್ದರಿಂದ ನನ್ನ ಒತ್ತಾಯವಿಷ್ಟು. ಬರೆದು ಮುಗಿಸಿದವನ ಮುಂದೆ ‘ಅಳಿಸಿ’ ಎಂಬ ಗುಂಡಿ ಇಡುವುದನ್ನು ನಿಲ್ಲಿಸಿ. ಬೀಗ ಹಾಕುವುದಿದ್ದರೆ ಹಾಕಿ, ಬರೆದವರು ಬರೆದದ್ದನ್ನು ಹೊತ್ತುಕೊಂಡು ಹೋಗಲು ಬಾಗಿಲಾದರೂ ತೆರೆದಿಡಿ. ಮತ್ತು ಆ ಗುರುವಾರ ಮಧ್ಯಾಹ್ನದ ಟಿಪ್ಪಣಿ ನಿಮ್ಮ ಯಂತ್ರಗಳ ಯಾವುದಾದರೂ ಮೂಲೆಯಲ್ಲಿ ಉಳಿದಿದ್ದರೆ ಹುಡುಕಿಸಿ. ಸಿಕ್ಕರೆ ನನಗೆ ಕಳಿಸಬೇಡಿ, ಯಾರೂ ಓದಲೂ ಬೇಡಿ. ಅವನ ಮುಂದೆ ಇಡಿ. ತೋರಿಸಬೇಕು ಅನ್ನಿಸಿದರೆ ಅವನೇ ತೋರಿಸಲಿ.

ಈ ಪತ್ರವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ನಿಮ್ಮಲ್ಲಿ ಜಾಗವಿಲ್ಲವಲ್ಲ. ಬಾಗಿಲಲ್ಲಿ ತೋರಿಸುತ್ತಿದ್ದ ಆ ಶೇವಿಂಗಿನ ಟಿಪ್ಪಣಿಯನ್ನು ಮೊನ್ನೆ ಅಳಿಸಿದೆ, ಈಗ ಅದನ್ನು ಅಣ್ಣನೇ ಹೇಳುತ್ತಾನೆ. ಆ ಖಾಲಿಯಾದ ಒಂದು ಜಾಗದಲ್ಲಿ ಹೊಸ ಟಿಪ್ಪಣಿ ತೆರೆದು, ಫೋನನ್ನು ಅವನ ಕನ್ನಡಿಯ ಕೆಳಗೆ ಇಟ್ಟಿದ್ದೇನೆ. ಇವತ್ತಿಗೆ ಮೂರು ದಿನ. ನಾನು ಈಗ ಏನೂ ಹೇಳಲಾರೆ, ನನ್ನ ಬಾಯಿ ಅವನ ಬಳಿ ಇದೆ. ಅವನು ಇನ್ನೂ ಮುಟ್ಟಿಲ್ಲ. ಮುಟ್ಟಿದ ದಿನ, ದಯವಿಟ್ಟು, ಅಡ್ಡ ಬರಬೇಡಿ.

ಇಂತಿ,
ಮಿತಿ ಮೀರಿ ಒಂದೂ ಮಾತಾಡದ,
ಎರಡನೇ ಕುರ್ಚಿಯ ಕ್ಷೌರಿಕ